ಡ್ರೆಸ್ಸಿಂಗ್ ರೂಮಿನ ಮೇಲಿನ ಮಹಡಿ

ವೃತ್ತಿಪರ ತಂಡದ ಒಬ್ಬ ಆಟಗಾರ ‘ನಾನು ಗೇ’ ಎಂದು ಹೇಳಿಕೊಂಡರೆ ಏನಾಗುತ್ತದೆ? ಈ ಪ್ರಶ್ನೆ ಕೇಳಿದರೆ ಸಾಕು, ಎಲ್ಲರ ಕಣ್ಣೂ ಡ್ರೆಸ್ಸಿಂಗ್ ರೂಮಿನ ಕಡೆಗೆ ಹೋಗುತ್ತದೆ. ಜೊತೆಯವರು ಒಪ್ಪುತ್ತಾರಾ, ಬಟ್ಟೆ ಬದಲಿಸುವಾಗ ಮುಜುಗರ ಆಗುವುದಿಲ್ಲವಾ, ತಂಡ ಒಡೆಯುವುದಿಲ್ಲವಾ ಎಂದೆಲ್ಲ ಕೇಳುತ್ತಾರೆ. ಇವತ್ತು ನಾನು ಹೇಳಬೇಕೆಂದಿರುವುದು ಈ ಪ್ರಶ್ನೆಗಳು ತಪ್ಪು ಕೋಣೆಯ ಬಾಗಿಲು ತಟ್ಟುತ್ತಿವೆ ಎಂದು. ಐವತ್ತು ವರ್ಷದ ಪ್ರಕರಣಗಳನ್ನು ಒಂದೊಂದಾಗಿ ನೋಡುತ್ತಾ ಹೋಗಿ. ಪಕ್ಕದಲ್ಲಿ ಕೂತು ಶೂ ಲೇಸು ಕಟ್ಟುವವರು ಬಹಳಷ್ಟು ಸಲ ಒಪ್ಪಿಕೊಂಡಿದ್ದಾರೆ. ಆಟಗಾರನಿಗೆ ಪೆಟ್ಟು ಬಿದ್ದಿರುವುದು ಅದರ ಮೇಲಿನ ಮಹಡಿಯಿಂದ: ಒಪ್ಪಂದಕ್ಕೆ ಸಹಿ ಹಾಕುವ ಮ್ಯಾನೇಜರ್, ಆಟಗಾರರನ್ನು ಮಾರುವ ಕೊಳ್ಳುವ ಅಧಿಕಾರಿ, ನಿಯಮ ಬರೆಯುವ ಮಂಡಳಿ.

ಮುಂದೆ ಹೋಗುವ ಮೊದಲು ಪದದ ಬಗ್ಗೆ ಒಂದು ಮಾತು. ನಮ್ಮ ಪತ್ರಿಕೆಗಳಲ್ಲಿ ‘ಸಲಿಂಗಕಾಮಿ’ ಎಂದು ಬರೆಯುವ ರೂಢಿ ಇದೆ. ಒಬ್ಬ ಆಟಗಾರ ಮದುವೆಯಾಗಿ ಹೆಂಡತಿಯ ಜೊತೆ ಫೋಟೊ ಹಾಕಿದರೆ ಆ ಸುದ್ದಿಗೆ ನಾವು ‘ಕಾಮ’ ಎಂಬ ಪದವನ್ನು ಅಂಟಿಸುವುದಿಲ್ಲ. ಇನ್ನೊಬ್ಬ ತನ್ನ ಗಂಡು ಸಂಗಾತಿಯ ಹೆಸರು ಹೇಳಿದರೆ ಮಾತ್ರ ಯಾಕೆ ಅಂಟಿಸಬೇಕು? ‘ಸಲಿಂಗಿ’ ಎಂದರೆ ಸಾಕು. ‘ಗೇ’ ಎಂದರೂ ಎಲ್ಲರಿಗೂ ಅರ್ಥವಾಗುತ್ತದೆ. ಶೀರ್ಷಿಕೆ ಬರೆಯುವವರು ಈ ಸಭೆಯಲ್ಲಿ ಇದ್ದರೆ ದಯವಿಟ್ಟು ಗಮನಿಸಿ.

ಮೊದಲು ಗ್ಲೆನ್ ಬರ್ಕ್. ಅಮೆರಿಕದ ಬೇಸ್‌ಬಾಲ್, ಲಾಸ್ ಏಂಜಲೀಸ್ ಡಾಡ್ಜರ್ಸ್ ತಂಡ, 1976ರಿಂದ 78. ಇವತ್ತು ಐಪಿಎಲ್‌ನಲ್ಲಿ ವಿಕೆಟ್ ಬಿದ್ದಾಗಲೆಲ್ಲ ಆಟಗಾರರು ಕೈ ಮೇಲೆತ್ತಿ ಅಂಗೈಗೆ ಅಂಗೈ ಬಡಿಯುತ್ತಾರಲ್ಲ, ಆ ಹೈ ಫೈವ್ ಶುರುವಾದದ್ದು ಈತನಿಂದ ಎಂದೇ ಸಾಮಾನ್ಯವಾಗಿ ಹೇಳುತ್ತಾರೆ. 1977ರ ಅಕ್ಟೋಬರ್ 2, ಋತುವಿನ ಕೊನೆಯ ಪಂದ್ಯ. ಡಸ್ಟಿ ಬೇಕರ್ ಆ ವರ್ಷದ ತಮ್ಮ 30ನೇ ಹೋಂ ರನ್ ಹೊಡೆದು ಓಡಿ ಬಂದರು. ಮುಂದಿನ ಸರದಿಗೆ ಕಾಯುತ್ತಿದ್ದ ಬರ್ಕ್ ಕೈ ಎತ್ತಿ ಹಿಡಿದರು, ಬೇಕರ್ ಅದಕ್ಕೆ ಬಡಿದರು. ತಂಡದಲ್ಲಿ ನಗು ತರುತ್ತಿದ್ದವರು ಬರ್ಕ್. ಅವರು ಗೇ ಎಂದು ಹಲವು ಸಹ ಆಟಗಾರರಿಗೆ ಗೊತ್ತಿತ್ತು, ಅದೊಂದು ದೊಡ್ಡ ವಿಷಯ ಆಗಿರಲಿಲ್ಲ. ದೊಡ್ಡ ವಿಷಯವಾದದ್ದು ಆಡಳಿತದ ಕಚೇರಿಯಲ್ಲಿ. ಮದುವೆ ಮಾಡಿಕೊಂಡರೆ ಮಧುಚಂದ್ರಕ್ಕೆ 75,000 ಡಾಲರ್ ಕೊಡುವುದಾಗಿ ಅಧಿಕಾರಿಯೊಬ್ಬರು ಹೇಳಿದರೆಂದು ಬರ್ಕ್ ಆಮೇಲೆ ತಿಳಿಸಿದರು. ಅವರು ಒಪ್ಪಲಿಲ್ಲ. 1978ರ ಮೇ ತಿಂಗಳಲ್ಲಿ ಅವರನ್ನು ಓಕ್ಲೆಂಡ್ ತಂಡಕ್ಕೆ ಕಳಿಸಿಬಿಟ್ಟರು. ಹೋದದ್ದು ಕೇಳಿ ಸಹ ಆಟಗಾರರು ನೊಂದುಕೊಂಡರು. ಎರಡೇ ವರ್ಷದಲ್ಲಿ, ಇಪ್ಪತ್ತೇಳರ ವಯಸ್ಸಿನಲ್ಲಿ, ಅವರ ಬೇಸ್‌ಬಾಲ್ ಮುಗಿದುಹೋಯಿತು.

ಇಂಗ್ಲೆಂಡಿನ ಜಸ್ಟಿನ್ ಫಶಾನು ಕಥೆ ಇನ್ನೂ ಕಠೋರ. 1981ರಲ್ಲಿ ನಾಟಿಂಗ್‌ಹ್ಯಾಮ್ ಫಾರೆಸ್ಟ್ ಕ್ಲಬ್ ಅವರನ್ನು ಹತ್ತು ಲಕ್ಷ ಪೌಂಡ್ ಕೊಟ್ಟು ಕೊಂಡಿತು. ಆ ಬೆಲೆ ಪಡೆದ ಮೊದಲ ಕಪ್ಪು ಆಟಗಾರ ಅವರು. ಗೇ ಕ್ಲಬ್ಬುಗಳಿಗೆ ಹೋಗುತ್ತಾರೆಂದು ತಿಳಿದ ಮ್ಯಾನೇಜರ್ ಬ್ರಯಾನ್ ಕ್ಲಫ್ ತಂಡದ ಜೊತೆ ತರಬೇತಿಗೇ ಬರಬೇಡ ಎಂದರು. 1990ರಲ್ಲಿ ಫಶಾನು ಬಹಿರಂಗವಾಗಿ ಹೇಳಿಕೊಂಡಾಗ ಸ್ವಂತ ತಮ್ಮನೂ ಜೊತೆ ನಿಲ್ಲಲಿಲ್ಲ, ಗ್ಯಾಲರಿಗಳು ಬೈದವು, ಕೆಲವು ಸಹ ಆಟಗಾರರು ಚುಚ್ಚಿ ಗೇಲಿ ಮಾಡಿದರು. ಡ್ರೆಸ್ಸಿಂಗ್ ರೂಂ ಪೂರ್ತಿ ನಿರ್ದೋಷಿ ಎಂದು ನಾನು ಹೇಳುತ್ತಿಲ್ಲ ಎಂಬುದಕ್ಕಾಗಿಯೇ ಈ ಉದಾಹರಣೆ. 1998ರಲ್ಲಿ ಫಶಾನು ತೀರಿಕೊಂಡರು. ಬ್ರಿಟನ್ನಿನಲ್ಲಿ ಆಡುತ್ತಿರುವಾಗಲೇ ಹಾಗೆ ಹೇಳಿಕೊಂಡ ಮುಂದಿನ ವೃತ್ತಿಪರ ಪುರುಷ ಫುಟ್‌ಬಾಲ್ ಆಟಗಾರ ಬ್ಲ್ಯಾಕ್‌ಪೂಲ್‌ನ ಜೇಕ್ ಡೇನಿಯಲ್ಸ್. ಅದು 2022ರ ಮೇ 16. ಫಶಾನು ಹೇಳಿಕೊಂಡ 1990ರಿಂದ ಅಲ್ಲಿಗೆ ಮೂವತ್ತೆರಡು ವರ್ಷ. ಡೇನಿಯಲ್ಸ್‌ಗೆ ಆಗ 17, ಫಶಾನು ಸತ್ತಾಗ ಆತ ಹುಟ್ಟಿಯೇ ಇರಲಿಲ್ಲ.

ಈಗ ನನ್ನ ವಾದಕ್ಕೆ ಅತಿ ದೊಡ್ಡ ಸಾಕ್ಷಿ. ಮೈಕಲ್ ಸ್ಯಾಮ್, ಮಿಸೌರಿ ವಿಶ್ವವಿದ್ಯಾಲಯದ ಅಮೆರಿಕನ್ ಫುಟ್‌ಬಾಲ್ ಆಟಗಾರ. 2013ರ ಆಗಸ್ಟ್‌ನಲ್ಲಿ, ಋತು ಶುರುವಾಗುವ ಮೊದಲೇ, ತಂಡದವರ ಮುಂದೆ ತಾನು ಗೇ ಎಂದು ಹೇಳಿದರು. ಅಲ್ಲಿನ ಕಾಲೇಜು ತಂಡವೆಂದರೆ ನೂರರ ಆಸುಪಾಸು ಹುಡುಗರು. ಇಡೀ ಋತು ಒಬ್ಬನ ಬಾಯಿಂದಲೂ ಈ ಸುದ್ದಿ ಪತ್ರಿಕೆಗೆ ಹೋಗಲಿಲ್ಲ. ತಂಡ ಒಡೆಯಿತೇ? 12 ಪಂದ್ಯ ಗೆದ್ದು 2 ಸೋತಿತು, ಋತುವಿನ ಕೊನೆಗೆ ನಡೆಯುವ ಕಾಟನ್ ಬೌಲ್ ಎಂಬ ದೊಡ್ಡ ಪಂದ್ಯವನ್ನೂ ಗೆದ್ದಿತು. ಸ್ಯಾಮ್ ತಮ್ಮ ವಲಯದ ವರ್ಷದ ಶ್ರೇಷ್ಠ ರಕ್ಷಣಾ ಆಟಗಾರ ಎನಿಸಿಕೊಂಡರು. 2014ರ ಫೆಬ್ರುವರಿಯಲ್ಲಿ ಜಗತ್ತಿಗೆ ಹೇಳಿದರು. ಮೇ ತಿಂಗಳಲ್ಲಿ, ವೃತ್ತಿಪರ ತಂಡಗಳು ಹೊಸ ಆಟಗಾರರನ್ನು ಸರದಿಯಂತೆ ಆರಿಸಿಕೊಳ್ಳುವ ಡ್ರಾಫ್ಟ್‌ನಲ್ಲಿ, 256 ಆಯ್ಕೆಗಳ ಪೈಕಿ 249ನೆಯವರಾಗಿ ಸೇಂಟ್ ಲೂಯಿಸ್ ರ‍್ಯಾಮ್ಸ್‌ಗೆ ಸೇರಿದರು. ಆಗಸ್ಟ್ ಕೊನೆಯಲ್ಲಿ ತಂಡ ಅವರನ್ನು ಕೈಬಿಟ್ಟಿತು. ಅಮೆರಿಕನ್ ಫುಟ್‌ಬಾಲ್‌ನ ವೃತ್ತಿಪರ ಲೀಗ್ ಎನ್‌ಎಫ್‌ಎಲ್‌ನ ಒಂದೇ ಒಂದು ಅಧಿಕೃತ ಋತುಪಂದ್ಯವನ್ನೂ ಅವರು ಆಡಲಿಲ್ಲ.

ಇಲ್ಲಿ ನ್ಯಾಯವಾಗಿ ಮಾತಾಡಬೇಕು. ಸ್ಯಾಮ್ ಅವರ ಸ್ಥಾನಕ್ಕೆ ದೇಹ ಚಿಕ್ಕದು, ಓಟದ ಪರೀಕ್ಷೆಯಲ್ಲಿ ವೇಗ ಕಡಿಮೆ ಎಂಬ ಕಾರಣಗಳೂ ಇದ್ದವು. ಒಬ್ಬ ಆಟಗಾರನನ್ನು ಬಿಟ್ಟದ್ದು ದ್ವೇಷದಿಂದಲೋ ಆಟದ ಲೆಕ್ಕದಿಂದಲೋ ಎಂದು ಒಂದೇ ಪ್ರಕರಣದಿಂದ ಸಾಬೀತು ಮಾಡಲು ಆಗುವುದಿಲ್ಲ. ಆದರೆ ಮೇಲಿನ ಮಹಡಿಯಲ್ಲಿ ಯಾವ ಭಾಷೆ ಓಡಾಡುತ್ತಿತ್ತು ಎಂಬುದು ಏಳು ವರ್ಷದ ಮೇಲೆ ಹೊರಗೆ ಬಂತು. ಅದು ಹೇಗೆ ಬಂತೆಂದರೆ, ಕಾರ್ಲ್ ನಾಸಿಬ್ ಅವರ ಕಥೆಯ ಜೊತೆಗೆ ಹೆಣೆದುಕೊಂಡು.

ನಾಸಿಬ್ ಲಾಸ್ ವೇಗಸ್ ರೈಡರ್ಸ್ ತಂಡದಲ್ಲಿದ್ದರು. 2021ರ ಜೂನ್ 21ರಂದು ಇನ್‌ಸ್ಟಾಗ್ರಾಂನಲ್ಲಿ ಒಂದು ಚಿಕ್ಕ ವಿಡಿಯೊ ಹಾಕಿ ತಾನು ಗೇ ಎಂದರು, ಆತ್ಮಹತ್ಯೆ ತಡೆಯುವ ಕೆಲಸ ಮಾಡುವ ಟ್ರೆವರ್ ಪ್ರಾಜೆಕ್ಟ್ ಸಂಸ್ಥೆಗೆ ಒಂದು ಲಕ್ಷ ಡಾಲರ್ ಕೊಡುವುದಾಗಿ ಹೇಳಿದರು. ಎನ್‌ಎಫ್‌ಎಲ್ ಇತಿಹಾಸದಲ್ಲಿ ಆಡುತ್ತಿರುವಾಗಲೇ ಹೀಗೆ ಹೇಳಿದ ಮೊದಲಿಗ ಅವರು. ತಂಡದ ಕೋಚ್ ಜಾನ್ ಗ್ರೂಡನ್ ಬಹಿರಂಗವಾಗಿ ಬೆಂಬಲಿಸಿ ಒಳ್ಳೆಯ ಮಾತಾಡಿದರು. ಸೆಪ್ಟೆಂಬರ್‌ನ ಮೊದಲ ಪಂದ್ಯದಲ್ಲೇ, ಹೆಚ್ಚುವರಿ ಸಮಯದಲ್ಲಿ, ಬಾಲ್ಟಿಮೋರ್‌ನ ಲಮಾರ್ ಜಾಕ್ಸನ್ ಕೈಯಿಂದ ನಾಸಿಬ್ ಚೆಂಡು ಬೀಳಿಸಿದರು, ಅದರಿಂದಲೇ ರೈಡರ್ಸ್ ಗೆದ್ದಿತು. ಮುಂದಿನ ತಿಂಗಳು ಗ್ರೂಡನ್ ಹಿಂದೆ ಬರೆದಿದ್ದ ಇಮೇಲ್‌ಗಳು ಪತ್ರಿಕೆಯಲ್ಲಿ ಬಂದವು. ಸಲಿಂಗಿಗಳನ್ನು ಹೀನವಾಗಿ ಬೈದ ಪದಗಳು ತುಂಬಿದ್ದವು. ಮೈಕಲ್ ಸ್ಯಾಮ್ ಅವರನ್ನು ಡ್ರಾಫ್ಟ್ ಮಾಡಿದ ವಿಚಾರವನ್ನೂ ಅಂಥದೇ ಪದ ಬಳಸಿ ಮೂದಲಿಸಿದ್ದರು. 2021ರ ಅಕ್ಟೋಬರ್ 11ರಂದು ಗ್ರೂಡನ್ ರಾಜೀನಾಮೆ ಕೊಟ್ಟರು. ಆ ವಾರ ನಾಸಿಬ್ ಒಂದು ದಿನ ರಜೆ ಕೇಳಿದರು. ತನ್ನನ್ನು ಹೊಗಳಿದ್ದ ಕೋಚ್ ಖಾಸಗಿಯಾಗಿ ಬರೆದದ್ದನ್ನು ಓದಿದವನ ಮನಸ್ಸಿನಲ್ಲಿ ಆ ದಿನ ಏನು ನಡೆದಿರಬಹುದು, ನೀವೇ ಯೋಚಿಸಿ.

ಈಗ ಒಪ್ಪಂದದ ಲೆಕ್ಕಕ್ಕೆ ಬರೋಣ. ಇದನ್ನು ಯಾರೂ ಅಷ್ಟಾಗಿ ಮಾತಾಡುವುದಿಲ್ಲ, ಆದರೆ ಎಲ್ಲಕ್ಕಿಂತ ಮುಖ್ಯ. ನಾಸಿಬ್ ಮಾತಾಡಿದಾಗ ಅವರ ಕೈಯಲ್ಲಿ ಮೂರು ವರ್ಷದ ಒಪ್ಪಂದ ಇತ್ತು, ಮೊತ್ತ 2.5 ಕೋಟಿ ಡಾಲರ್‌ವರೆಗೆ. ಬ್ಯಾಸ್ಕೆಟ್‌ಬಾಲ್‌ನ ಜೇಸನ್ ಕಾಲಿನ್ಸ್ 2013ರ ಏಪ್ರಿಲ್ 29ರಂದು ಪತ್ರಿಕೆಯ ಲೇಖನದಲ್ಲಿ ಹೇಳಿಕೊಂಡಾಗ ಅವರ ಒಪ್ಪಂದ ಮುಗಿಯುತ್ತಾ ಬಂದಿತ್ತು, ವಯಸ್ಸು 34. ಆಮೇಲೆ ಸುಮಾರು ಹತ್ತು ತಿಂಗಳು ಯಾವ ತಂಡವೂ ಕರೆಯಲಿಲ್ಲ. ವಯಸ್ಸೇ ಕಾರಣ ಎನ್ನಬಹುದು, ಇರಲೂಬಹುದು. 2014ರ ಫೆಬ್ರುವರಿ 23ರಂದು ಬ್ರೂಕ್ಲಿನ್ ನೆಟ್ಸ್ 10 ದಿನದ ಒಪ್ಪಂದ ಕೊಟ್ಟಿತು. ಅಮೆರಿಕದ ಬ್ಯಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯಲ್ಲಿ ಒಂದು ತಂಡ ಒಬ್ಬನಿಗೆ ಒಂದು ಋತುವಿನಲ್ಲಿ ಇಂಥ 10 ದಿನದ ಒಪ್ಪಂದವನ್ನು ಎರಡು ಸಲ ಮಾತ್ರ ಕೊಡಬಹುದು. ಮೂರನೇ ಸಲಕ್ಕೆ ಋತು ಮುಗಿಯುವವರೆಗೆ ಇಟ್ಟುಕೊಳ್ಳಬೇಕು, ಇಲ್ಲ ಬಿಡಬೇಕು. ನೆಟ್ಸ್ ಇಟ್ಟುಕೊಂಡಿತು. ಕರೆದದ್ದು ಯಾರು ಗೊತ್ತೇ? ಕೋಚ್ ಜೇಸನ್ ಕಿಡ್, ಹಿಂದೆ ಅದೇ ಫ್ರಾಂಚೈಸಿಯಲ್ಲಿ ಕಾಲಿನ್ಸ್ ಜೊತೆ ವರ್ಷಗಟ್ಟಲೆ ಆಡಿದವರು. ಮತ್ತೆ ಅದೇ ಮಾತು: ಜೊತೆಗೆ ಬೆವರು ಸುರಿಸಿದವನು ಬಾಗಿಲು ತೆರೆದ. ಕಾಲಿನ್ಸ್ ತೊಟ್ಟ ಅಂಗಿಯ ಸಂಖ್ಯೆ 98. ಗೇ ಎಂಬ ಕಾರಣಕ್ಕೆ 1998ರಲ್ಲಿ ಕೊಲೆಯಾದ ವಿದ್ಯಾರ್ಥಿ ಮ್ಯಾಥ್ಯೂ ಶೆಪರ್ಡ್ ನೆನಪಿಗೆ. ಬಹಿರಂಗಪಡಿಸುವ ಹಿಂದಿನ ಋತುವಿನಲ್ಲೂ ಅವರು ಅದೇ ಸಂಖ್ಯೆ ತೊಟ್ಟಿದ್ದರು. ಯಾಕೆಂದು ಹೆಚ್ಚಿನವರಿಗೆ ಗೊತ್ತಿರಲಿಲ್ಲ.

ಹಾಗಾಗಿ ಆಟಗಾರ ಸಲಹೆ ಕೇಳಿದರೆ ನೋಡಬೇಕಾದ ಮೊದಲ ಕಾಗದ ಒಪ್ಪಂದ. ಎಷ್ಟು ತಿಂಗಳು ಉಳಿದಿದೆ, ಎಷ್ಟು ಹಣ ಖಾತರಿ, ‘ಸಂಸ್ಥೆಯ ಹೆಸರಿಗೆ ಧಕ್ಕೆ’ ಎಂಬ ಷರತ್ತನ್ನು ಎಷ್ಟು ಅಗಲವಾಗಿ ಬರೆದಿದ್ದಾರೆ. ಆ ಷರತ್ತು ಮಸುಕಾಗಿದ್ದರೆ ನಾಳೆ ಪ್ರಾಯೋಜಕರೊಬ್ಬರು ಗೊಣಗಿದರೂ ಅದನ್ನೇ ಹಿಡಿದು ಎಳೆಯಬಹುದು. ಎರಡನೆಯದು ಸಮಯ. ನಾಸಿಬ್ ಜೂನ್‌ನಲ್ಲಿ, ಕಾಲಿನ್ಸ್ ತಮ್ಮ ತಂಡದ ಪಂದ್ಯಗಳು ಮುಗಿದ ಮೇಲೆ, ಡೇನಿಯಲ್ಸ್ ಲೀಗ್ ಮುಗಿದ ಮರುವಾರ, ಆಸ್ಟ್ರೇಲಿಯದ ಫುಟ್‌ಬಾಲ್ ಆಟಗಾರ ಜಾಶ್ ಕವಾಲೊ 2021ರ ಅಕ್ಟೋಬರ್‌ನಲ್ಲಿ, ಋತು ಶುರುವಾಗುವ ಮುನ್ನ. ಎಲ್ಲರೂ ಪಂದ್ಯಗಳಿಲ್ಲದ ಹೊತ್ತನ್ನೇ ಆರಿಸಿದ್ದಾರೆ. ಸುದ್ದಿಯ ಬಿಸಿ ಆರಲು ಕೆಲವು ವಾರ ಸಿಗುತ್ತವೆ, ಮರುದಿನವೇ ಎದುರಾಳಿಯ ಗ್ಯಾಲರಿಯ ಮುಂದೆ ನಿಲ್ಲಬೇಕಾಗಿಲ್ಲ. ಮೂರನೆಯದು ಯಾರಿಗೆ ಮೊದಲು ಹೇಳುವುದು. ಡೇನಿಯಲ್ಸ್ ಮನೆಯವರಿಗೆ, ಕ್ಲಬ್ಬಿಗೆ, ತಂಡದವರಿಗೆ ಹೇಳಿದ ಮೇಲೆ ಟಿವಿಯ ಮುಂದೆ ಕೂತರು. ಕ್ಲಬ್ ಮೊದಲೇ ಈ ಕ್ಷೇತ್ರದ ಸಂಸ್ಥೆಯೊಂದರ ಜೊತೆ ಕೂತು ತಯಾರಿ ಮಾಡಿತ್ತು. ಇಂಗ್ಲೆಂಡಿನ ವಿಕೆಟ್ ಕೀಪರ್ ಸ್ಟೀವನ್ ಡೇವಿಸ್ ವಿಷಯದಲ್ಲೂ ಹೀಗೆಯೇ. 2010ರ ಕೊನೆಯಲ್ಲಿ ಆ್ಯಷಸ್ ಪ್ರವಾಸಕ್ಕೆ ಹೋಗುವ ಮೊದಲೇ ತಂಡಕ್ಕೆ ಗೊತ್ತಿತ್ತು, ಪತ್ರಿಕೆಗೆ ಹೇಳಿದ್ದು 2011ರ ಫೆಬ್ರುವರಿಯಲ್ಲಿ. ಆಮೇಲೂ ಅವರು ಸರ್ರೆ, ಸಾಮರ್‌ಸೆಟ್ ಕೌಂಟಿಗಳಿಗೆ ವರ್ಷಗಟ್ಟಲೆ ಆಡಿದರು.

ಕೋಚ್‌ಗಳಿಗೆ ಒಂದು ಎಚ್ಚರಿಕೆ. ಹುಡುಗನೊಬ್ಬ ನಿಮ್ಮ ಬಳಿ ಬಂದು ಹೇಳಿಕೊಂಡರೆ ಅದು ನಿಮಗೆ ಮಾತ್ರ ಹೇಳಿದ್ದು. ‘ಒಳ್ಳೆಯದಕ್ಕೇ’ ಎಂದುಕೊಂಡು ಕ್ಯಾಪ್ಟನ್‌ಗೆ, ಫಿಸಿಯೊಗೆ, ಆತನ ಅಪ್ಪನಿಗೆ ದಾಟಿಸಬೇಡಿ. ಯಾರಿಗೆ ಹೇಳಲಿ, ಯಾವಾಗ ಹೇಳಲಿ ಎಂದು ಅವನನ್ನೇ ಕೇಳಿ. ಕೆಡುವುದು ಹೆಚ್ಚಾಗಿ ಈ ಹೆಜ್ಜೆಯಲ್ಲೇ.

ಬೈಗುಳದ ವಿಷಯಕ್ಕೆ ಬರುತ್ತೇನೆ. 2019ರ ಫೆಬ್ರುವರಿ, ಸೇಂಟ್ ಲೂಸಿಯಾ ಟೆಸ್ಟ್. ವೆಸ್ಟ್ ಇಂಡೀಸ್ ವೇಗಿ ಶಾನನ್ ಗೇಬ್ರಿಯಲ್ ಏನೋ ಅಂದರು, ಸ್ಟಂಪ್ ಮೈಕಿಗೆ ಅದು ಸಿಗಲಿಲ್ಲ. ಜೋ ರೂಟ್ ಕೊಟ್ಟ ಉತ್ತರ ಮಾತ್ರ ಸಿಕ್ಕಿತು: ಅದನ್ನು ಬೈಗುಳದಂತೆ ಬಳಸಬೇಡ, ಗೇ ಆಗಿರುವುದರಲ್ಲಿ ತಪ್ಪೇನೂ ಇಲ್ಲ. ಅಂಪೈರ್‌ಗಳು ದೂರು ಕೊಟ್ಟರು. ಗೇಬ್ರಿಯಲ್‌ಗೆ ಪಂದ್ಯದ ಸಂಭಾವನೆಯ ಶೇ. 75 ದಂಡ, ಮೂರು ಡಿಮೆರಿಟ್ ಅಂಕ. ಮೊದಲಿನವು ಸೇರಿ ಎಂಟಾಯಿತು. ಎಂಟಾದರೆ ನಿಷೇಧಕ್ಕೆ ತಿರುಗುತ್ತದೆ, ಹೀಗೆ ನಾಲ್ಕು ಏಕದಿನ ಪಂದ್ಯ ತಪ್ಪಿದವು. ರೂಟ್ ಆ ಮಾತಾಡಿದ ದಿನ ಸೇಂಟ್ ಲೂಸಿಯಾದ ಕಾನೂನಿನಲ್ಲಿ ಸಲಿಂಗ ಸಂಬಂಧ ಅಪರಾಧವಾಗಿತ್ತು. ಅಲ್ಲಿನ ನ್ಯಾಯಾಲಯ ಆ ಕಲಮನ್ನು ರದ್ದು ಮಾಡಿದ್ದು 2025ರಲ್ಲಿ. ಇಲ್ಲಿ ನಿಯಮ ಕೆಲಸ ಮಾಡಿತು, ಯಾಕೆಂದರೆ ಅಂಕ ಎಣಿಸುವ ಪಟ್ಟಿ ಮೊದಲೇ ಬರೆದಿತ್ತು, ದೂರು ಕೊಡುವ ಹೊರೆ ಅಂಪೈರ್ ಮೇಲಿತ್ತು. ಆಟಗಾರ ಅರ್ಜಿ ಹಿಡಿದು ಅಲೆಯಬೇಕಾಗಲಿಲ್ಲ.

ನಿಯಮ ಕೈಕೊಟ್ಟದ್ದನ್ನು ನೋಡಬೇಕೆಂದರೆ 2020ರ ಸೆಪ್ಟೆಂಬರ್ 30ಕ್ಕೆ ಹೋಗಿ. ಅಮೆರಿಕದ ಎರಡನೇ ದರ್ಜೆಯ ಫುಟ್‌ಬಾಲ್ ಲೀಗ್, ಸ್ಯಾನ್ ಡಿಯಾಗೊ ಲಾಯಲ್ ತಂಡ, ಎದುರಿಗೆ ಫೀನಿಕ್ಸ್ ರೈಸಿಂಗ್. ಸ್ಯಾನ್ ಡಿಯಾಗೊದ ಕಾಲಿನ್ ಮಾರ್ಟಿನ್ ಬಹಿರಂಗವಾಗಿ ಗೇ. ಮೊದಲರ್ಧ ಮುಗಿಯುವ ಹೊತ್ತಿಗೆ ಎದುರಾಳಿಯೊಬ್ಬ ತನ್ನನ್ನು ಜಮೈಕಾದ ಆಡುಮಾತಿನ ಬೈಗುಳದಲ್ಲಿ ಬೈದನೆಂದು ಮಾರ್ಟಿನ್ ದೂರಿದರು. ಬೈದಿಲ್ಲ ಎಂದು ಆತ ವಾದಿಸಿದ, ಲೀಗ್ ವಿಚಾರಣೆ ಮಾಡಿ ಆರು ಪಂದ್ಯ ನಿಷೇಧಿಸಿತು. ಆದರೆ ಅದು ನಂತರದ ಮಾತು. ಆ ಕ್ಷಣದಲ್ಲಿ ರೆಫರಿಗೆ ಆ ಪದವೇ ಗೊತ್ತಿರಲಿಲ್ಲ. ದೂರು ಹೇಳಲು ಹೋದ ಮಾರ್ಟಿನ್‌ಗೇ ತಪ್ಪು ತಿಳಿದು ಕೆಂಪು ಕಾರ್ಡ್ ತೋರಿಸಿ ಆಮೇಲೆ ಹಿಂಪಡೆದರು. ಸ್ಯಾನ್ ಡಿಯಾಗೊ 3–1ರಿಂದ ಮುಂದಿತ್ತು, ಗೆದ್ದರೆ ಪ್ಲೇಆಫ್ ಆಸೆ ಜೀವಂತ. ಕೋಚ್ ಲ್ಯಾಂಡನ್ ಡೊನೊವನ್ ಆ ಆಟಗಾರನನ್ನು ಹೊರಗೆ ತೆಗೆಯಿರಿ ಎಂದು ಕೇಳಿದರು, ಆಗಲಿಲ್ಲ. ದ್ವಿತೀಯಾರ್ಧ ಶುರುವಾದ ಕೂಡಲೇ ಸ್ಯಾನ್ ಡಿಯಾಗೊ ಆಟಗಾರರು ಮೊಣಕಾಲೂರಿದರು, ಎದ್ದು ಮೈದಾನದಿಂದ ಹೊರನಡೆದರು. ಪಂದ್ಯ ಎದುರಾಳಿಗೆ ಹೋಯಿತು, ಪ್ಲೇಆಫ್ ಕೈತಪ್ಪಿತು. ಬರ್ಕ್‌ನ ಕಾಲದಲ್ಲಿ ಬೆಲೆ ತೆತ್ತದ್ದು ಒಬ್ಬನೇ ಆಟಗಾರ. ಇಲ್ಲಿ ಇಡೀ ತಂಡ ತನ್ನ ಋತುವನ್ನೇ ಕೊಟ್ಟಿತು. ನನಗೆ ಇಡೀ ಇತಿಹಾಸದಲ್ಲಿ ಅತ್ಯಂತ ಗೌರವ ಇರುವುದು ಈ ಪಂದ್ಯದ ಮೇಲೆ.

ಇದಕ್ಕೆ ತದ್ವಿರುದ್ಧವಾದದ್ದು 2022ರ ಕತಾರ್ ವಿಶ್ವಕಪ್. ಯುರೋಪಿನ ಏಳು ದೇಶಗಳ ನಾಯಕರು ಸಲಿಂಗಿಗಳೂ ಸೇರಿ ಎಲ್ಲರ ಪರ ಎಂದು ಸಾರುವ ‘ಒನ್ ಲವ್’ ತೋಳುಪಟ್ಟಿ ಕಟ್ಟುವುದೆಂದು ತೀರ್ಮಾನವಾಗಿತ್ತು. ದಂಡ ಕಟ್ಟಲು ಫುಟ್‌ಬಾಲ್ ಸಂಸ್ಥೆಗಳು ತಯಾರಿದ್ದವು. ಫಿಫಾ ಹಳದಿ ಕಾರ್ಡ್ ಕೊಡುತ್ತೇವೆ ಎಂದಿತು. ದಂಡ ಕಟ್ಟುವುದು ಸಂಸ್ಥೆ, ಕಾರ್ಡ್ ಬೀಳುವುದು ಆಟಗಾರನ ಮೇಲೆ. ನವೆಂಬರ್ 21ರಂದು, ಇಂಗ್ಲೆಂಡ್ ಮೊದಲ ಪಂದ್ಯ ಆಡುವ ದಿನವೇ, ಏಳೂ ಸಂಸ್ಥೆಗಳು ಹಿಂದೆ ಸರಿದವು.

ಸಂಕೇತಗಳನ್ನು ಮೇಲಿನಿಂದ ಹೇರಿದರೂ ಕೆಡುತ್ತದೆ. ಅದೇ ವರ್ಷ ಜುಲೈಯಲ್ಲಿ ಸಿಡ್ನಿಯ ಮ್ಯಾನ್ಲಿ ರಗ್ಬಿ ಲೀಗ್ ಕ್ಲಬ್ ಸಲಿಂಗಿಗಳಿಗೆ ಬೆಂಬಲದ ಗುರುತಾದ ಕಾಮನಬಿಲ್ಲಿನ ಬಣ್ಣದ ಅಂಗಿ ತೊಡುವುದಾಗಿ ಘೋಷಿಸಿತು. ಆಟಗಾರರನ್ನು ಮೊದಲೇ ಕೂರಿಸಿಕೊಂಡು ಮಾತಾಡಿರಲಿಲ್ಲ. ಏಳು ಮಂದಿ ಧಾರ್ಮಿಕ ಮತ್ತು ಸಾಂಸ್ಕೃತಿಕ ಕಾರಣ ಹೇಳಿ ಆಡಲಿಲ್ಲ, ಪಂದ್ಯ 20–10ರಿಂದ ಸೋತರು. ಕೋಚ್ ಎಲ್ಲರ ಕ್ಷಮೆ ಕೇಳಿದರು. 1995ರಲ್ಲಿ ಗೇ ಎಂದು ಹೇಳಿಕೊಂಡ ಇಯಾನ್ ರಾಬರ್ಟ್ಸ್ ಆಡಿದ್ದು ಇದೇ ಮ್ಯಾನ್ಲಿಗೆ. ಅವರನ್ನೇ ಕರೆದು ಒಂದು ತಿಂಗಳು ಮೊದಲು ಆಟಗಾರರ ಜೊತೆ ಕೂರಿಸಿದ್ದರೆ ಅಂಗಿಯ ಮಾತು ಬೇರೆ ಥರ ನಡೆಯುತ್ತಿತ್ತು ಎಂದು ನನಗನಿಸುತ್ತದೆ. ಇನ್ನೊಂದು ಕಡೆ, 2023ರ ಅಕ್ಟೋಬರ್‌ನಲ್ಲಿ ಉತ್ತರ ಅಮೆರಿಕದ ಐಸ್ ಹಾಕಿ ಲೀಗ್ ಕೋಲಿಗೆ ಕಾಮನಬಿಲ್ಲಿನ ಟೇಪು ಸುತ್ತುವುದನ್ನು ನಿಷೇಧಿಸಿದಾಗ ಟ್ರಾವಿಸ್ ಡರ್ಮಾಟ್ ಎಂಬ ಒಬ್ಬ ಆಟಗಾರ ಸುಮ್ಮನೆ ಟೇಪು ಸುತ್ತಿಕೊಂಡು ಆಡಿದರು. ಮೂರೇ ದಿನದಲ್ಲಿ ಲೀಗ್ ನಿಷೇಧ ಹಿಂತೆಗೆದುಕೊಂಡಿತು.

ಹಾಗಾದರೆ ಕೆಳಗಿನ ಹಂತದಲ್ಲಿ, ಹುಡುಗರ ತಂಡದಲ್ಲಿ ಏನು ಮಾಡಬೇಕು? ಉಪನ್ಯಾಸ ಕೊಡಿಸಿದರೆ ಸಾಕು ಎಂದು ನಾವು ನಂಬಿದ್ದೇವೆ. ಮೆಲ್ಬರ್ನ್‌ನಲ್ಲಿ ಇದನ್ನು ಪರೀಕ್ಷಿಸಿಯೇ ನೋಡಿದರು. ವೃತ್ತಿಪರ ರಗ್ಬಿ ಆಟಗಾರರನ್ನು ಹದಿಹರೆಯದವರ ತಂಡಗಳಿಗೆ ಕಳಿಸಿ ಇಂಥ ಬೈಗುಳ ಬೇಡ ಎಂದು ಪಾಠ ಹೇಳಿಸಿದರು. ಪಾಠ ಕೇಳಿದ ತಂಡಕ್ಕೂ ಕೇಳದ ತಂಡಕ್ಕೂ ಹೇಳುವಂಥ ವ್ಯತ್ಯಾಸ ಕಾಣಲಿಲ್ಲ. ಇಂಥ ಸಂಶೋಧನೆಗಳಲ್ಲಿ ತಿಳಿದದ್ದೇನೆಂದರೆ, ಹುಡುಗರು ಹೀಗೆ ಬೈಯುವುದಕ್ಕೆ ಮನಸ್ಸಿನ ದ್ವೇಷಕ್ಕಿಂತ ಉಳಿದವರೂ ಬೈಯುತ್ತಾರೆ ಎಂಬುದೇ ದೊಡ್ಡ ಕಾರಣ. ನಮ್ಮ ಮೈದಾನಗಳ ಭಾಷೆ ನೆನಪಿಸಿಕೊಳ್ಳಿ. ಕ್ಯಾಚ್ ಬಿಟ್ಟರೆ ‘ಬಳೆ ತೊಟ್ಕೋ ಹೋಗು’. ಟ್ಯಾಕಲ್‌ಗೆ ಹಿಂಜರಿದರೆ ‘ಗಂಡಸೇನೋ ನೀನು’. ಹೇಳಿದವನಿಗೆ ಅದು ಮರುಕ್ಷಣವೇ ಮರೆತುಹೋಗುತ್ತದೆ. ಲಾಂಗ್ ಆನ್‌ನಲ್ಲಿ ನಿಂತ ಹುಡುಗನೊಬ್ಬ ಅದನ್ನು ಮನೆಯವರೆಗೂ ಹೊತ್ತುಕೊಂಡು ಹೋಗುತ್ತಾನೆ. ಆದ್ದರಿಂದ ವರ್ಷಕ್ಕೊಂದು ಭಾಷಣಕ್ಕಿಂತ ಕೋಚ್ ಮತ್ತು ಕ್ಯಾಪ್ಟನ್ ಆ ಪದಗಳನ್ನು ತಾವು ಮೊದಲು ಬಿಡುವುದು, ಬೇರೆಯವರು ಅಂದ ಕ್ಷಣದಲ್ಲೇ, ಆಟ ನಿಲ್ಲಿಸಿ, ಎರಡೇ ವಾಕ್ಯದಲ್ಲಿ ತಡೆಯುವುದು ಕೆಲಸಕ್ಕೆ ಬರುತ್ತದೆ. ಸಂಜೆ ಕರೆದು ಬುದ್ಧಿ ಹೇಳಿದರೆ ಉಳಿದವರಿಗೆ ಅದು ಕೇಳಿಸುವುದೇ ಇಲ್ಲ.

ಬೆಂಗಳೂರಿಗೆ ಬರೋಣ. ಐಪಿಎಲ್ ಆಡಿದ ಭಾರತೀಯ ಪುರುಷರಲ್ಲಿ ಹೀಗೆ ಹೇಳಿಕೊಂಡ ಯಾರಾದರೂ ನಿಮಗೆ ನೆನಪಾಗುತ್ತಾರಾ? ಸುಪ್ರೀಂ ಕೋರ್ಟು 2018ರ ಸೆಪ್ಟೆಂಬರ್ 6ರಂದು ಸಲಿಂಗ ಸಂಬಂಧವನ್ನು ಅಪರಾಧವೆನ್ನುತ್ತಿದ್ದ 377ನೇ ಕಲಮಿನ ಹಿಡಿತದಿಂದ ಸಲಿಂಗಿಗಳನ್ನು ಬಿಡಿಸಿತು. ಮರುವರ್ಷ ಒಡಿಶಾದ ಓಟಗಾರ್ತಿ ದ್ಯುತಿ ಚಂದ್ ತಮ್ಮ ಸಲಿಂಗ ಸಂಬಂಧದ ಬಗ್ಗೆ ಧೈರ್ಯವಾಗಿ ಮಾತಾಡಿದರು, ಅದು ಒಂಟಿಯಾಗಿ ಓಡುವ ಕ್ರೀಡೆ. ತಂಡದ ಆಟದಲ್ಲಿ ದಾರಿ ತೋರಿಸಿದವರು ಮಹಿಳೆಯರು, ಅದೂ ನಮ್ಮ ಕಣ್ಣೆದುರೇ. 2023ರ ಮೊದಲ ಮಹಿಳಾ ಪ್ರೀಮಿಯರ್ ಲೀಗ್‌ನಲ್ಲಿ ಆರ್‌ಸಿಬಿ ಪಟ್ಟಿಯಲ್ಲಿ ಆಸ್ಟ್ರೇಲಿಯದ ಮೆಗನ್ ಶುಟ್, ದಕ್ಷಿಣ ಆಫ್ರಿಕದ ಡೇನ್ ವಾನ್ ನೀಕರ್ಕ್ ಇದ್ದರು. ಶುಟ್ ಅವರ ಪತ್ನಿ ಜೆಸ್. ವಾನ್ ನೀಕರ್ಕ್ 2018ರಲ್ಲಿ ಮದುವೆಯಾದದ್ದು ಸಹ ಆಟಗಾರ್ತಿ ಮರಿಜಾನ್ ಕ್ಯಾಪ್ ಅವರನ್ನು. ಕ್ಯಾಪ್ ಅದೇ ಲೀಗ್‌ನಲ್ಲಿ ಡೆಲ್ಲಿಗೆ ಆಡಿದರು. ನ್ಯೂಜಿಲೆಂಡ್‌ನ ಏಮಿ ಸ್ಯಾಟರ್ತ್‌ವೇಟ್, ಲೀ ತಹುಹು ದಂಪತಿ ಮಗುವಿಗೆ ತಯಾರಾದಾಗ, 2019ರಲ್ಲಿ, ಅಲ್ಲಿನ ಮಂಡಳಿ ಏಮಿಗೆ ಒಪ್ಪಂದ ಉಳಿಸಿಯೇ ಹೆರಿಗೆ ರಜೆ ಕೊಟ್ಟಿತು. ಮೇಲಿನ ಮಹಡಿ ಸರಿಯಾಗಿ ಕೆಲಸ ಮಾಡಿದರೆ ಹೀಗಿರುತ್ತದೆ. ಒಂದು ಭಾಷಣವೂ ಇಲ್ಲ, ಒಪ್ಪಂದದಲ್ಲಿ ಒಂದು ಸಾಲು.

ಹಾಗೆಂದು ಎಲ್ಲ ಮುಗಿದಿಲ್ಲ. 2024ರ ಮಹಿಳಾ ಟಿ20 ವಿಶ್ವಕಪ್ ಬಾಂಗ್ಲಾದೇಶದಿಂದ ಯುಎಇಗೆ ಹೋಯಿತು. ಎರಡೂ ದೇಶಗಳ ಕಾನೂನಿನಲ್ಲಿ ಸಲಿಂಗ ಸಂಬಂಧ ಅಪರಾಧ. ಐಪಿಎಲ್ಲೂ 2020ರಲ್ಲಿ ಪೂರ್ತಿ ಯುಎಇಯಲ್ಲೇ ನಡೆಯಿತು. ಪ್ರವಾಸ ಗೊತ್ತಾದ ದಿನವೇ ಆ ದೇಶದ ಕಾನೂನು ಓದಿ, ಸಂಗಾತಿಯ ವೀಸಾ ಮತ್ತು ಹೋಟೆಲ್ ಕೋಣೆ ಯಾವ ಹೆಸರಿನಲ್ಲಿ, ತೊಂದರೆಯಾದರೆ ರಾಯಭಾರ ಕಚೇರಿಯಲ್ಲಿ ಯಾರಿಗೆ ಕರೆ ಮಾಡಬೇಕು ಎಂದು ಬರೆದಿಡುವುದು ತಂಡದ ಮ್ಯಾನೇಜರ್ ಕೆಲಸ. ಆಟಗಾರ ಕೇಳಲಿ ಎಂದು ಕಾದರೆ ಆಟಗಾರ ಕೇಳುವುದಿಲ್ಲ, ಮನೆಯವರನ್ನು ಬಿಟ್ಟು ಒಬ್ಬನೇ ಬರುತ್ತಾನೆ.

ಕೊನೆಗೆ ನಿಮ್ಮ ಕ್ಲಬ್ಬಿನ ನೋಂದಣಿ ಅರ್ಜಿ ತೆಗೆದು ನೋಡಿ. ತುರ್ತು ಸಂದರ್ಭದಲ್ಲಿ ಯಾರಿಗೆ ತಿಳಿಸಬೇಕು ಎಂಬಲ್ಲಿ ‘ತಂದೆ / ಪತಿ / ಪತ್ನಿ’ ಎಂದಷ್ಟೇ ಇದ್ದರೆ ‘ಯಾರಿಗೆ ತಿಳಿಸಬೇಕು’ ಎಂದು ಖಾಲಿ ಗೆರೆ ಬಿಡಿ. ಕುಟುಂಬದ ಪಾಸು, ವಿಮೆಯ ನಾಮಿನಿ ಕಾಲಂಗೂ ಅಷ್ಟೇ. ಮುಂದಿನ ಋತುವಿನ ಅರ್ಜಿಗಳು ಅಚ್ಚಿಗೆ ಹೋಗುವ ಮೊದಲು ಕಾರ್ಯದರ್ಶಿಗೆ ಒಂದು ಚೀಟಿ ಕೊಟ್ಟರೆ ಆಗುವ ಕೆಲಸ ಇದು.